ಟೆಂಪೊ ಹಿಂದೆ ಕೂತವರಿಗೆ ಇನ್ಶೂರೆನ್ಸ್ ಇದೆಯಾ?

ಗಾಡಿಯ ಪಾಲಿಸಿ ಕೈಗೆ ಬಂದ ಕೂಡಲೇ ಮಾಲೀಕರು ನೋಡುವುದು ಎರಡೇ ಅಂಕಿ. ಪ್ರೀಮಿಯಂ ಎಷ್ಟಾಯಿತು, ಐಡಿವಿ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ, ಎಷ್ಟು ಹಾಕಿದ್ದಾರೆ. ಅಪಘಾತದ ನಷ್ಟ ಅಂದಾಜು ಮಾಡುವ ಇನ್ಶೂರೆನ್ಸ್ ಸರ್ವೇಯರ್ ಆಗಿ ನಾನು ಮೊದಲು ಹುಡುಕುವುದು ಬೇರೆ ಸಾಲನ್ನು. ‘ಲಿಮಿಟೇಶನ್ಸ್ ಆ್ಯಸ್ ಟು ಯೂಸ್’ ಅಂತ ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಈ ಗಾಡಿ ಯಾವ ಕೆಲಸ ಮಾಡಬಹುದು, ಯಾವುದು ಮಾಡಬಾರದು ಅನ್ನುವುದೆಲ್ಲ ಅಲ್ಲಿದೆ. ಸಣ್ಣ ವ್ಯಾಪಾರಿಗಳ ಕ್ಲೇಮ್ ಸಿಕ್ಕಿಹಾಕಿಕೊಳ್ಳುವುದು ಬಹಳ ಸಲ ಆ ಸಾಲಿನಲ್ಲೇ.

ಬೇಕರಿಯವರು, ಕೇಟರಿಂಗ್‌ನವರು ಇಟ್ಟುಕೊಳ್ಳುವ ವೈಟ್ ಬೋರ್ಡ್ ವ್ಯಾನನ್ನೇ ನೋಡಿ. ಅದಕ್ಕಿರುವುದು ಪ್ರೈವೇಟ್ ಕಾರ್ ಪಾಲಿಸಿ. ಬಾಡಿಗೆಗೆ ಓಡಿಸಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಅದರ ಪಕ್ಕದಲ್ಲೇ ಇನ್ನೊಂದು ಷರತ್ತಿದೆ: ಸ್ಯಾಂಪಲ್ ಮತ್ತು ಸ್ವಂತ ಲಗೇಜ್ ಬಿಟ್ಟು ಬೇರೆ ಸರಕು ಒಯ್ಯುವಂತಿಲ್ಲ. ‘ನಮ್ಮದೇ ಗಾಡಿ, ನಮ್ಮದೇ ಮಾಲು, ಯಾರ ಹತ್ರಾನೂ ಬಾಡಿಗೆ ತಗೊಂಡಿಲ್ಲ ಸಾರ್’ ಎಂಬ ಮಾತನ್ನು ಗ್ಯಾರೇಜಿನಲ್ಲಿ ಪದೇಪದೇ ಕೇಳುತ್ತೇನೆ. ಮಾತು ನಿಜವೇ. ಆದರೆ ಅಂಗಡಿಗೆ ಹೊರಟ ಬ್ರೆಡ್ ಟ್ರೇ ಲಗೇಜ್ ಅಲ್ಲ, ಸರಕು.

ಆಸೆ ಹುಟ್ಟುವುದು ಎಲ್ಲಿ ಅನ್ನುವುದೂ ಗೊತ್ತು. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಲ್ಲಿ 1000ದಿಂದ 1500 ಸಿಸಿ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 3,416 ರೂಪಾಯಿ. 7,500 ಕೆ.ಜಿ. ಒಳಗಿನ ನಾಲ್ಕು ಚಕ್ರದ ಗೂಡ್ಸ್ ಗಾಡಿಗೆ 16,049. ಹನ್ನೆರಡು ಸಾವಿರ ಉಳಿಯುತ್ತದಲ್ಲ ಅಂತ ವೈಟ್ ಬೋರ್ಡೇ ಸಾಕು ಅನ್ನುತ್ತಾರೆ. ಬಳಕೆಯ ಷರತ್ತು ಮೀರಿದರೂ ಕ್ಲೇಮ್ ಪೂರ್ತಿ ತಳ್ಳಿಹಾಕದೆ ‘ನಾನ್-ಸ್ಟ್ಯಾಂಡರ್ಡ್’ ಆಗಿ 75 ಪರ್ಸೆಂಟ್‌ವರೆಗೆ ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2010ರ ಒಂದು ತೀರ್ಪಿನಲ್ಲಿ ಹೇಳಿದೆ. ಆ ತೀರ್ಪು ಹಿಡಿದುಕೊಂಡು ಗ್ರಾಹಕರ ಆಯೋಗಕ್ಕೆ ಅಲೆಯುವಷ್ಟು ದಿನ ಗಾಡಿ ಗ್ಯಾರೇಜಿನಲ್ಲಿ ನಿಂತಿರುತ್ತದೆ.

ಯಲ್ಲೋ ಬೋರ್ಡ್ ಆದ ಮಾತ್ರಕ್ಕೆ ಎಲ್ಲ ಸರಿಹೋಯಿತು ಅಂತಲ್ಲ. ನನ್ನನ್ನು ಕೇಳಿದರೆ ಇದಕ್ಕಿಂತ ದೊಡ್ಡ ಅಪಾಯ ಅಲ್ಲಿದೆ. ಬೆಳಗ್ಗೆ ಸಿಮೆಂಟ್ ಹೊತ್ತ ಪಿಕಪ್ ಸಂಜೆ ಮದುವೆ ದಿಬ್ಬಣ ಹೊತ್ತಿರುತ್ತದೆ. ಜಾತ್ರೆಗೆ, ಕಾಫಿ ತೋಟದ ಕೂಲಿಗೆ, ದೇವಸ್ಥಾನಕ್ಕೆ ಜನ ಹಿಂದೆ ನಿಂತೇ ಹೋಗುತ್ತಾರೆ. ಕಾನೂನಿನ ಪ್ರಕಾರ ಗೂಡ್ಸ್ ಗಾಡಿಯಲ್ಲಿ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಬರಬಹುದು. 1994ರ ತಿದ್ದುಪಡಿ ಬಂದ ಮೇಲೆ ಅವರಿಗೆ ವಿಮೆಯ ರಕ್ಷೆ ಇದೆ. ಸುಮ್ನೆ ಹತ್ತಿಕೊಂಡವರಿಗೆ ಇಲ್ಲ, ದುಡ್ಡು ಕೊಟ್ಟು ಹತ್ತಿದವರಿಗೂ ಇಲ್ಲ.

ಇಲ್ಲ ಅಂದರೆ ಎಷ್ಟು ದುಡ್ಡಿನ ಪ್ರಶ್ನೆ? ಲೆಕ್ಕ ಹಾಕೋಣ. ಹಿಂದೆ ನಿಂತಿದ್ದ 30 ವರ್ಷದ ಕೂಲಿಯೊಬ್ಬ ಅಪಘಾತದಲ್ಲಿ ತೀರಿಕೊಂಡ. ತಿಂಗಳ ಸಂಪಾದನೆ 15,000 ಅಂತಿಟ್ಟುಕೊಳ್ಳಿ. ಮುಂದೆ ಗಳಿಸಬಹುದಾಗಿದ್ದದ್ದಕ್ಕೆ 40 ಪರ್ಸೆಂಟ್ ಸೇರಿಸುತ್ತಾರೆ, 21,000 ಆಯಿತು. ಮನೆಯಲ್ಲಿ ನಾಲ್ಕು ಜನ ಅವನನ್ನೇ ನಂಬಿದ್ದರೆ ಅವನ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆಯುತ್ತಾರೆ. ಉಳಿದದ್ದು 15,750. ಹನ್ನೆರಡು ತಿಂಗಳು, ಆ ವಯಸ್ಸಿಗೆ ಗುಣಕ, ಅಂದರೆ ವರ್ಷದ ಮೊತ್ತವನ್ನು ಗುಣಿಸುವ ಅಂಕಿ, 17. ಒಟ್ಟು 32,13,000 ರೂಪಾಯಿ. ಅಂತ್ಯಸಂಸ್ಕಾರ, ಬಡ್ಡಿ ಎಲ್ಲ ಬೇರೆ. ಕೆಲವು ಪ್ರಕರಣಗಳಲ್ಲಿ ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಎಂದು ಕೋರ್ಟ್ ಹೇಳುವುದುಂಟು. ಸತ್ತವನ ಮನೆಯವರಿಗೆ ಅದು ಆಸರೆ, ನಿಜ. ಮಾಲೀಕನಿಗೇನೂ ಉಳಿಯುವುದಿಲ್ಲ. ಈ ಹಣವನ್ನು ಭೂಕಂದಾಯದ ಬಾಕಿಯ ಹಾಗೆ ವಸೂಲಿ ಮಾಡಲು ಅವಕಾಶವಿದೆ. ಗಾಡಿ ಮಾರಿದರೂ ತೀರದ ಸಾಲ ಅದು.

ನಿಮ್ಮದೇ ಲೋಡಿಂಗ್ ಹುಡುಗರು ದಿನಾ ಗಾಡಿಯಲ್ಲಿ ಬರುತ್ತಾರಾ? ಹಾಗಾದರೆ ಎಷ್ಟು ಜನ ಅಂತ ಏಜೆಂಟರಿಗೆ ಹೇಳಿ ಪಾಲಿಸಿಯಲ್ಲಿ ಬರೆಸಿ. ಡ್ರೈವರ್, ಕ್ಲೀನರ್‌ಗೆ ತಲೆಗೆ 50 ರೂಪಾಯಿ. ಹಮಾಲರಿಗೂ ದೊಡ್ಡ ಮೊತ್ತವೇನಲ್ಲ. ಒಂದು ಬಾರಿ ಚಹಾ-ಬನ್ನಿಗೆ ಆಗುವ ಖರ್ಚನ್ನು ಯಾಕೆ ಉಳಿಸುತ್ತಾರೋ ನನಗಂತೂ ಅರ್ಥವಾಗಿಲ್ಲ. ಆರ್‌ಸಿಯಲ್ಲಿ ಇರುವ ಸೀಟಿಗಿಂತ ಜಾಸ್ತಿ ಜನ ಕೂತರೆ ಮಾತ್ರ ಮತ್ತೆ ತಕರಾರು ಶುರು.

ಗಾಡಿಯ ಮೇಲಿನ ಮಾಲಿಗೆ ಗಾಡಿಯ ಪಾಲಿಸಿ ಅನ್ವಯಿಸುವುದಿಲ್ಲ. ಕೋಲಾರದ ಮಂಡಿಗೆ ಹೊರಟ ಟೊಮೆಟೊ ರಸ್ತೆಗೆ ಚೆಲ್ಲಿದರೆ ಗಾಡಿ ರಿಪೇರಿಗೆ ದುಡ್ಡು ಬರಬಹುದು, ಟೊಮೆಟೊಗೆ ಬರುವುದಿಲ್ಲ. ಅದಕ್ಕೆ ಟ್ರಾನ್ಸಿಟ್ ಪಾಲಿಸಿ ಬೇರೆಯೇ ಬೇಕು.

ರಿಪೇರಿ ಬಿಲ್ಲಿನಲ್ಲೂ ಒಂದು ಗುಟ್ಟಿದೆ. ಗೂಡ್ಸ್ ಗಾಡಿಯ ಪ್ಯಾಕೇಜ್ ಪಾಲಿಸಿಯಲ್ಲಿ ಬಂಪರ್, ಹೆಡ್‌ಲೈಟ್, ಮಡ್‌ಗಾರ್ಡ್, ಬಾನೆಟ್, ಟೈರ್, ಪೇಂಟ್ ಇವೆಲ್ಲ ಹೊರಗೆ, ಗಾಡಿ ಟೋಟಲ್ ಲಾಸ್ (ರಿಪೇರಿಗೆ ಮೀರಿದ ಪೂರ್ತಿ ನಷ್ಟ) ಆದರೆ ಮಾತ್ರ ಲೆಕ್ಕಕ್ಕೆ. ಎದುರಿಗೆ ಗುದ್ದಿದ ಗಾಡಿಯಲ್ಲಿ ಹೋಗುವುದೇ ಇವು, ಅಲ್ವಾ? ‘ಐಎಂಟಿ 23’ ಅನ್ನುವ ಹೆಚ್ಚುವರಿ ಷರತ್ತನ್ನು ಪಾಲಿಸಿಗೆ ಹಾಕಿಸಿದರೆ ಓನ್ ಡ್ಯಾಮೇಜ್ (ಸ್ವಂತ ಗಾಡಿಯ ಹಾನಿಯ) ಪ್ರೀಮಿಯಂ ಮೇಲೆ 15 ಪರ್ಸೆಂಟ್ ಜಾಸ್ತಿ ಆಗುತ್ತದೆ, ಈ ಭಾಗಗಳ ನಷ್ಟದಲ್ಲಿ ಅರ್ಧ ಸಿಗುತ್ತದೆ. ‘ಫುಲ್ ಇನ್ಶೂರೆನ್ಸ್ ಮಾಡಿಸಿದ್ದೀನಿ’ ಅನ್ನುವವರ ಪಾಲಿಸಿ ಬಿಡಿಸಿದರೆ ಈ 23 ಅನೇಕ ಸಲ ಇರುವುದೇ ಇಲ್ಲ.

ಪರ್ಮಿಟ್, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಒಟ್ಟು ತೂಕ 3,000 ಕೆ.ಜಿ. ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ, ಎಫ್‌ಸಿ ಬೇಕು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಲೈಸೆನ್ಸ್ ವಿಷಯದಲ್ಲಿ ಈಚೆಗೆ ನೆಮ್ಮದಿ ಸಿಕ್ಕಿದೆ. 7,500 ಕೆ.ಜಿ. ಒಳಗಿನ ಸಾರಿಗೆ ಗಾಡಿ ಓಡಿಸಲು ಎಲ್‌ಎಂವಿ (ಲಘು ವಾಹನದ) ಲೈಸೆನ್ಸ್ ಸಾಕು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಅವಧಿ ಮುಗಿದ ಲೈಸೆನ್ಸಿಗೆ ಈ ತೀರ್ಪು ನೆರವಾಗದು.

ಲೈಸೆನ್ಸ್ ಇಲ್ಲದ ಹುಡುಗ ಗುದ್ದಿಸಿದ, ಕಾಗದದಲ್ಲಿ ಅಣ್ಣನ ಹೆಸರು ಬರೆಸೋಣ ಅನ್ನುವ ಸಲಹೆ ಕೊಡುವವರು ಪ್ರತಿ ಊರಲ್ಲೂ ಇದ್ದಾರೆ. ಬೇಡ. ಪೊಲೀಸರ ದಾಖಲೆ, ಸಾಕ್ಷಿಗಳ ಹೇಳಿಕೆ, ಆಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಿಸಿದ ವೈದ್ಯಕೀಯ ದಾಖಲೆ) ಎಲ್ಲವನ್ನೂ ಕಂಪನಿ ತರಿಸಿ ಹೋಲಿಸುತ್ತದೆ. ಗಾಯಗೊಂಡ ಹುಡುಗ ಆಸ್ಪತ್ರೆಯಲ್ಲಿ ‘ನಾನೇ ಓಡಿಸ್ತಿದ್ದೆ’ ಅಂದಿದ್ದರೆ ಕ್ಲೇಮ್ ಹೋಗುತ್ತದೆ, ಸುಳ್ಳು ಹೇಳಿಕೆಯ ಕೇಸು ಅಣ್ಣನ ಮೇಲೂ ಬೀಳಬಹುದು.