‘ಯಾರು ಉಳಿತಾರ?’ ಮತ್ತು ‘ಹ್ಯಾಂಗ ಬರ್ತದ?’: ಸಾವು ಮೊದಲೇ ಕಾಣುವ ಒಂದು ಸೀಕ್ವೆಲ್ ಬಗ್ಗೆ ಜನರ ಮಾತನ್ನು ಓದುವ ಬಗೆ

ಪ್ರೇಕ್ಷಕ ಅಧ್ಯಯನದ ಪೇಪರಿಗೆ ತಯಾರಿ ನಡೆಸಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಉದಾಹರಣೆಗೆ ಆರಿಸಿಕೊಂಡದ್ದು 2003ರ ಹಾಲಿವುಡ್ ಭಯದ ಸಿನಿಮಾ ‘ಫೈನಲ್ ಡೆಸ್ಟಿನೇಷನ್ 2’. ಪೂರ್ತಿ ನೋಡದವರೂ ಮೊಬೈಲಿನಲ್ಲಿ ಇದರ ತುಣುಕು ನೋಡಿಯೇ ಇರುತ್ತಾರೆ. ಕಲಬುರಗಿಯ ಯಾವ ಹಾಸ್ಟೆಲಿನಲ್ಲಿ ಇದರ ಹೆಸರೆತ್ತಿದರೂ ಒಬ್ಬರು ‘ಭಾಳ ಛಲೋ’ ಅಂತಾರೆ, ಇನ್ನೊಬ್ಬರು ‘ಮೊದಲನೇದರ ಮಾನ ಕಳದದ’ ಅಂತಾರೆ. ಇಂಥ ಮಾತುಗಳನ್ನು ಪರ–ವಿರೋಧ ಎಂದು ಎರಡು ಕಾಲಮಿನಲ್ಲಿ ಬರೆದಿಟ್ಟರೆ ನಮಗೆ ಏನೂ ತಿಳಿಯುವುದಿಲ್ಲ. ಆ ಪ್ರೇಕ್ಷಕ ಸಿನಿಮಾ ನೋಡುತ್ತ ಮನಸ್ಸಿನಲ್ಲಿ ಯಾವ ಪ್ರಶ್ನೆ ಇಟ್ಟುಕೊಂಡಿದ್ದ ಎಂಬುದನ್ನು ಮೊದಲು ಹಿಡಿಯಬೇಕು. ಈ ಸಿನಿಮಾದ ಮಟ್ಟಿಗೆ ಅಂಥ ಪ್ರಶ್ನೆಗಳು ಎರಡೇ ಅಂತ ನನ್ನ ವಾದ: ಯಾರು ಉಳಿಯುತ್ತಾರೆ? ಸಾವು ಹೇಗೆ ಬರುತ್ತದೆ?

ಕತೆಯ ಎಲುಬು

ಮೊದಲ ಸಿನಿಮಾ 2000ದ್ದು, ನಿರ್ದೇಶಕ ಜೇಮ್ಸ್ ವಾಂಗ್. ಕಲ್ಪನೆ ಜೆಫ್ರಿ ರೆಡ್ಡಿಕ್ ಅವರದು. ತಾಯಿಯ ಮಾತಿನ ಮೇಲೆ ವಿಮಾನ ಬದಲಿಸಿ ಬದುಕಿದ ಹೆಣ್ಣುಮಗಳೊಬ್ಬಳ ಸುದ್ದಿ ಓದಿದ್ದೇ ಅವರಿಗೆ ಬೀಜ. ಪ್ಯಾರಿಸಿಗೆ ಹೊರಟ ಫ್ಲೈಟ್ 180 ಸ್ಫೋಟಗೊಳ್ಳುವುದು ಅಲೆಕ್ಸ್ ಎಂಬ ಹುಡುಗನಿಗೆ ಮುಂಚೆಯೇ ಕಾಣುತ್ತದೆ, ಕೆಲವರು ಇಳಿದು ಬದುಕುತ್ತಾರೆ, ಆಮೇಲೆ ಸಾವು ಅವರನ್ನು ಸರದಿಯ ಪ್ರಕಾರ ವಸೂಲಿ ಮಾಡುತ್ತದೆ. ಎರಡನೆಯದನ್ನು ಡೇವಿಡ್ ಆರ್. ಎಲ್ಲಿಸ್ ನಿರ್ದೇಶಿಸಿದರು. ಇಲ್ಲಿ ವಿಮಾನದ ಬದಲು ಹೆದ್ದಾರಿ. ಕಿಂಬರ್ಲಿ ಎಂಬ ಹುಡುಗಿಗೆ ರೂಟ್ 23ರಲ್ಲಿ ಮರದ ದಿಮ್ಮಿ ತುಂಬಿದ ಲಾರಿಯಿಂದ ಸರಣಿ ಅಪಘಾತವಾಗುವುದು ಕಾಣುತ್ತದೆ. ಅವಳು ಹೆದ್ದಾರಿಗೆ ಸೇರುವ ಇಳಿಜಾರಿನಲ್ಲೇ ಗಾಡಿ ಅಡ್ಡ ಹಾಕಿ ಹಿಂದಿನವರನ್ನೆಲ್ಲ ತಡೆಯುತ್ತಾಳೆ. ತಡೆದ ಮರುಗಳಿಗೆಯಲ್ಲೇ ಅವಳ ಗೆಳೆಯರು ಕುಳಿತಿದ್ದ ಗಾಡಿಗೆ ಇನ್ನೊಂದು ಲಾರಿ ಬಂದು ಗುದ್ದುತ್ತದೆ.

ಎಲ್ಲಿಸ್ ನಿರ್ದೇಶಕರಾಗುವ ಮುಂಚೆ ಸ್ಟಂಟ್ ಕೆಲಸದವರು, ಅದು ಆ ಹೆದ್ದಾರಿ ದೃಶ್ಯದಲ್ಲಿ ಕಾಣುತ್ತದೆ. ಆದರೆ ದಿಮ್ಮಿಗಳ ವಿಷಯದಲ್ಲಿ ಸ್ಟಂಟ್ ನಡೆಯಲಿಲ್ಲ. ನಿಜವಾದ ದಿಮ್ಮಿಗಳನ್ನು ರಸ್ತೆಗೆ ಬೀಳಿಸಿ ನೋಡಿದಾಗ ಅವು ಪುಟಿಯಲೇ ಇಲ್ಲ. ಕೊನೆಗೆ ಕಂಪ್ಯೂಟರಿನಲ್ಲಿ ಮಾಡಿದ ದಿಮ್ಮಿಗಳನ್ನೇ ಪುಟಿಸಿದರು. ಜಗತ್ತಿನಾದ್ಯಂತ ‘ಆ ಸಿನಿಮಾ ನೋಡಿದ ಮೇಲೆ ದಿಮ್ಮಿ ಲಾರಿ ಹಿಂದೆ ಗಾಡಿ ಓಡಿಸೋಕೆ ಭಯ’ ಅನ್ನುವ ಮಾತಿದೆಯಲ್ಲ, ಆ ಭಯ ಹುಟ್ಟಿದ್ದು ಹಾಗೆ ಪುಟಿಯಲೇ ಬಾರದ ಮರದಿಂದ.

ಬಾಂಬ್ ಯಾವುದು?

ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಅವರು ಫ್ರೆಂಚ್ ನಿರ್ದೇಶಕ ತ್ರುಫೋ ಜೊತೆಗಿನ ಸಂದರ್ಶನದಲ್ಲಿ ಕೊಟ್ಟ ಉದಾಹರಣೆ ನಮ್ಮ ಸಿಲಬಸ್ಸಿನಲ್ಲೇ ಇದೆ. ಇಬ್ಬರು ಮೇಜಿನ ಮುಂದೆ ಹರಟುತ್ತಿದ್ದಾರೆ, ಕೆಳಗೆ ಬಾಂಬಿದೆ. ಪ್ರೇಕ್ಷಕನಿಗೆ ಗೊತ್ತಿಲ್ಲದಿದ್ದರೆ ಸ್ಫೋಟದ 15 ಸೆಕೆಂಡು ಬೆಚ್ಚುತ್ತಾನೆ. ಗೊತ್ತಿದ್ದರೆ 15 ನಿಮಿಷ ಕುರ್ಚಿಯ ತುದಿಯಲ್ಲಿ ಕೂರುತ್ತಾನೆ. ಪರೀಕ್ಷೆಯಲ್ಲಿ ಎಲ್ಲರೂ ಇದನ್ನು ಬರೆಯುತ್ತಾರೆ. ಈ ಸಿನಿಮಾ ಅದರ ಮೇಲೆ ಹಾಕಿದ ಒಂದು ಒಗ್ಗರಣೆಯನ್ನು ಯಾರೂ ಬರೆಯುವುದಿಲ್ಲ: ಇಲ್ಲಿ ಬಾಂಬ್ ಇದೆ ಅಂತ ಗೊತ್ತು, ಎದುರಿಗಿರುವ ಸಾಮಾನುಗಳಲ್ಲಿ ಯಾವುದು ಬಾಂಬ್ ಅಂತ ಗೊತ್ತಿಲ್ಲ.

ಹೆದ್ದಾರಿಯಲ್ಲಿ ಹಾಗೆ ಬದುಕುಳಿದವರಲ್ಲಿ ಒಬ್ಬ, ಲಾಟರಿ ಹೊಡೆದ ಇವಾನ್‌ನ ಅಡುಗೆಮನೆಯ ದೃಶ್ಯವನ್ನು ನಿಧಾನವಾಗಿ ನೋಡಿ. ಮನೆಗೆ ಬರುತ್ತಾನೆ, ಹಳಸಿದ ಸ್ಪೆಗೆಟಿಯನ್ನು ಕಿಟಕಿಯಿಂದ ಆಚೆ ಚೆಲ್ಲುತ್ತಾನೆ. ಅದನ್ನು ನಾವು ಆ ಕ್ಷಣವೇ ಮರೆತುಬಿಡುತ್ತೇವೆ, ಮರೆಯಲಿ ಅಂತಲೇ ಅದನ್ನು ಅಲ್ಲಿಟ್ಟದ್ದು. ಫ್ರಿಜ್ಜಿನ ಮೇಲಿನ ಅಯಸ್ಕಾಂತದ ಅಕ್ಷರವೊಂದು ಕಳಚಿ ಊಟದ ಡಬ್ಬಿಗೆ ಬೀಳುತ್ತದೆ, ಡಬ್ಬಿ ಮೈಕ್ರೋವೇವಿಗೆ ಹೋಗುತ್ತದೆ. ಒಲೆಯ ಮೇಲೆ ಎಣ್ಣೆ ಕಾಯುತ್ತಿದೆ. ಉಂಗುರ ಸಿಂಕಿನ ತೂತಿಗೆ ಬಿತ್ತು, ತೆಗೆಯಲು ಕೈ ಹಾಕಿದ, ಕೈ ಸಿಕ್ಕಿಕೊಂಡಿತು. ಮೈಕ್ರೋವೇವ್ ಕಿಡಿ ಕಾರುತ್ತದೆ, ಎಣ್ಣೆಗೆ ಬೆಂಕಿ ಹತ್ತುತ್ತದೆ. ಈಗ ಹೋದ ಅಂದುಕೊಂಡಾಗ ಕೈ ಬಿಡಿಸಿಕೊಳ್ಳುತ್ತಾನೆ. ಬೆಂಕಿಯಿಂದಲೂ ಪಾರು, ಸ್ಫೋಟದಿಂದಲೂ ಪಾರು. ಹೊರಗಿನ ಏಣಿಯಿಂದ ಕೆಳಗಿಳಿದು ಓಡುವಾಗ ತಾನೇ ಚೆಲ್ಲಿದ ಸ್ಪೆಗೆಟಿಯ ಮೇಲೆ ಜಾರಿ ಅಂಗಾತ ಬೀಳುತ್ತಾನೆ. ಮೇಲಿನಿಂದ ಕಬ್ಬಿಣದ ಏಣಿ ಜಾರಿ ಬಂದು ಮುಖದ ಹತ್ತಿರ ನಿಲ್ಲುತ್ತದೆ. ನಾವೂ ಉಸಿರು ಬಿಡುತ್ತೇವೆ. ಆಮೇಲೆ ಅದು ಕಣ್ಣಿಗೇ ಇಳಿಯುತ್ತದೆ.

‘ಯಾರು ಉಳಿತಾರ’ ಅಂತ ಕೂತವರಿಗೆ ಈ ದೃಶ್ಯ ಬರೀ ಕಾಲಹರಣ. ಇವಾನ್ ಯಾರು, ಅವನಿಗೆ ಯಾರಿದ್ದಾರೆ, ಏನೂ ಗೊತ್ತಿಲ್ಲ. ಸತ್ತರೆ ಮರುಕ ಹುಟ್ಟುವುದಿಲ್ಲ. ‘ಪಾತ್ರಕ್ಕ ಜೀವಾನೇ ಇಲ್ಲ, ಸಾಯ್ಲಾಕಂತೇ ಕರ್ಕೊಂಡ್ ಬಂದಾರ’ ಅಂತ ನಮ್ಮ ತರಗತಿಯ ಗೆಳತಿಯೊಬ್ಬಳು ಅಂದದ್ದು ನೂರಕ್ಕೆ ನೂರು ಸರಿ. ‘ಹ್ಯಾಂಗ ಬರ್ತದ’ ಅಂತ ಕೂತವರಿಗೋ, ಇಡೀ ಸಿನಿಮಾದಲ್ಲಿ ಇದಕ್ಕಿಂತ ರುಚಿಯಾದ ತುತ್ತಿಲ್ಲ. ಇಬ್ಬರೂ ಒಂದೇ ದೃಶ್ಯಕ್ಕೆ ವಿರುದ್ಧ ಅಂಕ ಕೊಡುತ್ತಾರೆ, ಇಬ್ಬರೂ ತಪ್ಪು ಹೇಳುತ್ತಿಲ್ಲ. ನಾನು ಎರಡನೆಯ ಗುಂಪಿನವನು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಟಿಪ್ಪಣಿ ಓದುವಾಗ ಅಷ್ಟು ವಾಲಿಕೆ ಕಳೆದು ಓದಿ.

ಪರೀಕ್ಷಿತನ ಹಣ್ಣು, ಸುಲೈಮಾನರ ಗಾಳಿ

ನಮ್ಮ ಕಡೆಯ ಹಿರಿಯರಿಗೆ ಈ ಕತೆ ಹೇಳಿದರೆ ಹೊಸದು ಅನ್ನಿಸುವುದಿಲ್ಲ. ಮಹಾಭಾರತದ ಆದಿಪರ್ವದ ಪರೀಕ್ಷಿತನಿಗೆ ಏಳು ದಿನದಲ್ಲಿ ತಕ್ಷಕ ಕಚ್ಚಿ ಸಾವು ಅಂತ ಶಾಪ. ಒಂಟಿ ಕಂಬದ ಮೇಲೆ ಮನೆ ಕಟ್ಟಿಸಿ ಸುತ್ತ ವೈದ್ಯರನ್ನೂ ಮಂತ್ರ ಬಲ್ಲವರನ್ನೂ ಇಟ್ಟುಕೊಂಡ. ವಿಷ ಇಳಿಸಬಲ್ಲ ಕಾಶ್ಯಪನೂ ಹೊರಟು ಬರುತ್ತಿದ್ದ. ದಾರಿಯಲ್ಲೇ ತಕ್ಷಕ ಅವನಿಗೆ ಹಣ ಕೊಟ್ಟು ವಾಪಸ್ ಕಳಿಸಿದ. ಕೊನೆಗೆ ಸಾವು ಬಂದದ್ದು ಹಣ್ಣಿನೊಳಗಿನ ಹುಳದ ರೂಪದಲ್ಲಿ. ಇವಾನನ ಸ್ಪೆಗೆಟಿಗೂ ಈ ಹಣ್ಣಿಗೂ ನನಗೇನೂ ವ್ಯತ್ಯಾಸ ಕಾಣುವುದಿಲ್ಲ.

ಸೂಫಿ ಕವಿ ರೂಮಿಯ ‘ಮಸ್ನವಿ’ ಕಾವ್ಯದಲ್ಲೂ ಇಂಥದೊಂದಿದೆ. ಸಾವಿನ ದೂತ ತನ್ನನ್ನು ವಿಚಿತ್ರವಾಗಿ ನೋಡಿದ ಅಂತ ಒಬ್ಬ ಹೆದರಿ ಹಜರತ್ ಸುಲೈಮಾನರ ಬಳಿ ಓಡುತ್ತಾನೆ, ಗಾಳಿಗೆ ಹೇಳಿ ನನ್ನನ್ನು ಹಿಂದೂಸ್ತಾನಕ್ಕೆ ಮುಟ್ಟಿಸಿ ಅಂತ ಬೇಡುತ್ತಾನೆ. ಮರುದಿನ ಸುಲೈಮಾನರು ದೂತನನ್ನು ಕೇಳಿದರೆ ಅವನು ಹೇಳಿದ್ದು: ಸಿಟ್ಟಿನಿಂದ ನೋಡಲಿಲ್ಲ, ಆಶ್ಚರ್ಯದಿಂದ ನೋಡಿದೆ, ಅವನ ಪ್ರಾಣವನ್ನು ಹಿಂದೂಸ್ತಾನದಲ್ಲಿ ತೆಗೆಯಬೇಕು ಅಂತ ನನಗೆ ಆಜ್ಞೆಯಿತ್ತು, ಇವನು ಇಲ್ಲೇಕೆ ಇದ್ದಾನೆ ಅಂತ! ಸೂಫಿ ಕತೆಗಳು ಮನೆಮಾತಾಗಿರುವ, ಸಂತ ಬಂದೇ ನವಾಜರ ಊರಾದ ಕಲಬುರಗಿಯಲ್ಲಿ, ಅತ್ತ ಶರಣಬಸವೇಶ್ವರ ಗುಡಿಯಲ್ಲಿ ಪುರಾಣ ಕೇಳಿ ಬೆಳೆದವರ ನಡುವೆ, ‘ತಪ್ಪಿಸಿಕೊಳ್ಳಲು ಹೋದ ದಾರಿಯಲ್ಲೇ ಸಾವು ಕಾದಿತ್ತು’ ಎಂಬುದು ತಿರುವೇ ಅಲ್ಲ. ಅದು ಕತೆಯ ಮೊದಲ ಸಾಲು. ಹಾಗಾಗಿ ಇಲ್ಲಿಯ ಬಹಳ ಪ್ರೇಕ್ಷಕರು ಸಹಜವಾಗಿ ‘ಹ್ಯಾಂಗ’ ಗುಂಪಿಗೆ ಸೇರುತ್ತಾರೆ ಅಂತ ನನ್ನ ಊಹೆ. ಅಂಕಿಸಂಖ್ಯೆ ಕೇಳಬೇಡಿ, ಊಹೆ ಅಷ್ಟೇ. ಯಾರಾದರೂ ಇದನ್ನೇ ಡಿಸರ್ಟೇಷನ್ ಮಾಡಬಹುದು.

ನಿಯಮ ಮುರಿದದ್ದರ ಸಿಟ್ಟು

ಸೀಕ್ವೆಲ್ ಬಗ್ಗೆ ಬರುವ ದೂರುಗಳಲ್ಲಿ ತೂಕದವು ಎರಡು. ಒಂದು, ಮೊದಲ ಸಿನಿಮಾದ ನಾಯಕ ಅಲೆಕ್ಸ್‌ನನ್ನು ತೆರೆಯ ಮೇಲೆ ತೋರಿಸದೆ ಇಟ್ಟಂಗಿ ತಲೆಗೆ ಬಿದ್ದು ಸತ್ತ ಅಂತ ಪೇಪರ್ ಕಟಿಂಗಿನಲ್ಲಿ ಮುಗಿಸಿದ್ದು. ‘ಮೊದಲನೇದು ನೋಡಿ ಅವನ ಜೋಡಿ ಅತ್ತವ್ರಿಗೆ ಇದೇನ್ ಮರ್ಯಾದಿರಿ?’ ಅನ್ನುವ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ಕ್ಲಿಯರ್ ಎಂಬ ಹುಡುಗಿ ಮಾತ್ರ ವಾಪಸ್ ಬರುತ್ತಾಳೆ, ಸಾವಿಗೆ ಹೆದರಿ ತಾನಾಗಿ ಆಸ್ಪತ್ರೆಯ ಮೆತ್ತನೆ ಗೋಡೆಯ ಕೋಣೆಯಲ್ಲಿ ಸೇರಿಕೊಂಡಿರುತ್ತಾಳೆ, ಅವಳನ್ನೂ ಹೊರಗೆ ಎಳೆದು ತಂದು ಸಾಯಿಸುತ್ತಾರೆ. (ಒಂಟಿ ಕಂಬದ ಮನೆ ಇದೇ ತಾನೆ!)

ಎರಡನೆಯ ದೂರು ‘ಹೊಸ ಜೀವ’ದ ನಿಯಮದ್ದು. ಹೆಣಗಳ ಕೆಲಸ ಮಾಡುವ ಬ್ಲಡ್‌ವರ್ತ್, ಅಂದರೆ ನಟ ಟೋನಿ ಟಾಡ್, ತನ್ನ ಗುಡುಗಿನಂಥ ದನಿಯಲ್ಲಿ ಹೇಳುವುದು: ಹೊಸ ಜೀವ ಮಾತ್ರ ಸಾವನ್ನು ಸೋಲಿಸಬಲ್ಲದು. ಎಲ್ಲರೂ ಗರ್ಭಿಣಿ ಇಸಬೆಲ್ಲಾಳ ಹಿಂದೆ ಓಡುತ್ತಾರೆ. ಹೆರಿಗೆಯಾದ ಮೇಲೆ ತಿಳಿಯುವುದೇನೆಂದರೆ, ಆ ಅಪಘಾತದಲ್ಲಿ ಅವಳು ಸಾಯುವವಳೇ ಅಲ್ಲ, ಹಾಗಾಗಿ ಆ ಮಗು ‘ಹೊಸ ಜೀವ’ದ ಲೆಕ್ಕಕ್ಕೆ ಬರುವುದಿಲ್ಲ. ಆಗ ಕಿಂಬರ್ಲಿ ತಾನೇ ಗಾಡಿ ಸಮೇತ ಕೆರೆಗೆ ಇಳಿದು ಸತ್ತು, ವೈದ್ಯರ ಕೈಯಲ್ಲಿ ಮತ್ತೆ ಜೀವ ಪಡೆಯುತ್ತಾಳೆ. ಜಾಣ ಪರಿಹಾರ ಅಂತ ಕೆಲವರು, ಅನುಕೂಲಕ್ಕೆ ತಕ್ಕ ಪರಿಹಾರ ಅಂತ ಕೆಲವರು. ಗಮನಿಸಿ, ಈ ಜಗಳವೆಲ್ಲ ‘ಯಾರು ಉಳಿತಾರ’ ಗುಂಪಿನ ಒಳಗಿನದು. ಇನ್ನೊಂದು ಗುಂಪು ನೆನಪಿಟ್ಟುಕೊಂಡದ್ದು ಕೊನೆಯ ತಮಾಷೆಯನ್ನು: ಹೊಲದ ಮನೆಯ ಹುಡುಗ ಬ್ರಯಾನ್ ಹಿಂದೆ ಒಮ್ಮೆ ಗಾಡಿಯಡಿ ಸಿಗುವುದು ತಪ್ಪಿತ್ತು ಅಂತ ಗೊತ್ತಾದ ಕೂಡಲೇ ಗ್ರಿಲ್ ಸಿಡಿದು ಅವನ ಕೈ ತಾಯಿಯ ತಟ್ಟೆಗೆ ಬೀಳುತ್ತದೆ. ಭಯದ ಸಿನಿಮಾಕ್ಕೆ ನಗು ತಕ್ಕದ್ದೋ ಅಲ್ಲವೋ ಎಂಬ ಚರ್ಚೆ ಇಲ್ಲಿ ಶುರುವಾಗುತ್ತದೆ. ನನಗೆ ಆ ಕೈ ಅತಿಯಾಯಿತು.

ಸ್ಟುವರ್ಟ್ ಹಾಲ್ ಮತ್ತು ಫರಸಿ ಲಾರಿ

ಮಾಧ್ಯಮ ಚಿಂತಕ ಹಾಲ್ ಅವರ 1973ರ ಎನ್‌ಕೋಡಿಂಗ್–ಡಿಕೋಡಿಂಗ್ (ಅರ್ಥ ಕಟ್ಟುವುದು, ಅರ್ಥ ಬಿಡಿಸಿಕೊಳ್ಳುವುದು) ಪ್ರಬಂಧದ ಮೂರು ಓದುಗಳನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತೀರಿ: ಸಿನಿಮಾ ಹೇಳಿದ್ದನ್ನು ಒಪ್ಪುವ ಓದು, ಒಪ್ಪುತ್ತಲೇ ಒಂದಿಷ್ಟು ತಿದ್ದಿಕೊಳ್ಳುವ ಓದು, ಅಡಿಪಾಯವನ್ನೇ ಒಪ್ಪದ ಓದು. ಮೊದಲೆರಡಕ್ಕೆ ಮೇಲೆ ಉದಾಹರಣೆ ಸಿಕ್ಕಿವೆ. ಮೂರನೆಯದಕ್ಕೆ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ನನಗೆ ಸಿಕ್ಕದ್ದು ನಮ್ಮ ಓಣಿಯ ಕಾಕಾ ಒಬ್ಬರಿಂದ. ಶಹಾಬಾದಿನಿಂದ ಫರಸಿ ಕಲ್ಲು ಹೇರುವ ಲಾರಿ ಓಡಿಸುತ್ತಾರೆ. ಹೆದ್ದಾರಿ ದೃಶ್ಯವನ್ನು ಮೊಬೈಲಿನಲ್ಲಿ ತೋರಿಸಿದೆ. ಗಾಜು ಒಡೆದದ್ದಕ್ಕೆ, ಬೆಂಕಿ ಎದ್ದದ್ದಕ್ಕೆ ಅವರ ಮುಖ ಅಲುಗಲಿಲ್ಲ. ಮೊದಲಿಗೆ ಸರಪಳಿ ಹರಿಯುವ ಜಾಗಕ್ಕೆ ವಾಪಸ್ ಹೋಗಿಸಿ ಎರಡು ಸಲ ನೋಡಿದರು. ‘ಏ ತಮ್ಮಾ, ಇದರಾಗ ಸಾವು ಎಲ್ಲಿ ಬಂತು? ಲೋಡ್ ಕಟ್ಟಿದಾವ ಸರಿ ಕಟ್ಟಿಲ್ಲ. ಇಂಥಾದ್ದು ತುಂಬಿದ್ರ ನಡುನಡುವ ಇಳಿದು ಸರಪಳಿ ನೋಡ್ಬೇಕು. ಮಾಡೋ ತಪ್ಪು ಮಾಡಿ ಯಮನ ಹೆಸರು ಹೇಳದು ಛಲೋ ಅಲ್ಲ.’

ಸಿನಿಮಾದ ಇಡೀ ಅಡಿಪಾಯ ಏನು? ಅಪಘಾತಗಳ ಹಿಂದೆ ಒಂದು ಯೋಜನೆ ಇದೆ. ಕಾಕಾ ಅದನ್ನೇ ಒಪ್ಪಲಿಲ್ಲ. ಯೋಜನೆ ಇದೆ ಅಂದರೆ ಹೊಣೆ ಯಾರದ್ದೂ ಅಲ್ಲ ಅಂತಾಗುತ್ತದೆ, ಹೊಣೆ ತಪ್ಪಿಸಿದ್ದನ್ನು ಅವರು ಹಿಡಿದರು. ಕಬ್ಬಿನ ಹಂಗಾಮಿನಲ್ಲಿ ಆಳಂದ, ಅಫಜಲಪುರ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಕೆಂಪು ದೀಪವೂ ಇಲ್ಲದೆ ಹೋಗುವ ಟ್ರ್ಯಾಕ್ಟರ್‌ಗಳನ್ನು ನೋಡಿದವರಿಗೆ ಈ ಮಾತು ತಕ್ಷಣ ತಾಗುತ್ತದೆ. ಪರೀಕ್ಷೆಯಲ್ಲಿ ಮೂರನೆಯ ಓದಿಗೆ ಬರೇ ‘ಪ್ರೇಕ್ಷಕರು ತಿರಸ್ಕರಿಸಿದರು’ ಅಂತ ಬರೆಯಬೇಡಿ. ಬೇಸರಗೊಂಡು ತಿರಸ್ಕರಿಸುವುದು ಬೇರೆ, ತನ್ನ ಕಸುಬಿನ ತಿಳಿವಳಿಕೆಯಿಂದ ಸಿನಿಮಾದ ಅರ್ಥವನ್ನೇ ಮಗುಚಿ ಹಾಕುವುದು ಬೇರೆ. ಹಾಲ್ ಹೇಳಿದ್ದು ಎರಡನೆಯದನ್ನು.

ಶೇಕಡಾವಾರು ಅಂಕದ ಬಗ್ಗೆ ಒಂದು ಎಚ್ಚರಿಕೆ

ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮ್ಯಾಟೋಸ್‌ನ ಶೇಕಡಾ ಅಂದರೆ ಎಷ್ಟು ಮಂದಿ ವಿಮರ್ಶಕರು ಒಟ್ಟಾರೆ ಮೆಚ್ಚಿದರು ಅನ್ನುವ ಲೆಕ್ಕ, ಎಷ್ಟು ಮೆಚ್ಚಿದರು ಅನ್ನುವುದಲ್ಲ. ಎಲ್ಲರೂ ‘ಪರವಾಗಿಲ್ಲ, ನೋಡಬಹುದು’ ಅಂದರೂ 100 ಬರುತ್ತದೆ. ಅರ್ಧ ಜನ ಹುಚ್ಚೆದ್ದು ಮೆಚ್ಚಿ ಅರ್ಧ ಜನ ಉಗಿದರೆ 50. ನಮ್ಮ ಎರಡು ಗುಂಪಿನಂಥ ಒಡಕು ಇದ್ದಲ್ಲಿ ಈ ಅಂಕಿ ಹೆಚ್ಚೇನೂ ಹೇಳುವುದಿಲ್ಲ.

ಮುಂದಿನ ಭಾಗಗಳು ಏನು ಕಲಿತವು

ಮೂರನೆಯದು 2006, ನಾಲ್ಕನೆಯದು 2009, ಐದನೆಯದು 2011. ಇವುಗಳಲ್ಲಿ ಐದನೆಯದನ್ನು ಮಾತ್ರ ಬಿಡಬೇಡಿ: ಕೊನೆಯಲ್ಲಿ ಪಾತ್ರಗಳು ವಿಮಾನ ಹತ್ತುತ್ತವೆ, ಅದು ಮೊದಲ ಸಿನಿಮಾದ ಫ್ಲೈಟ್ 180. ಇಷ್ಟು ಹೊತ್ತು ನೋಡಿದ್ದು ಹಿಂದಿನ ಕತೆ ಅಂತ ಆಗ ಹೊಳೆಯುತ್ತದೆ. ‘ಯಾರು ಉಳಿತಾರ’ ಅಂತ ಕೂತವರಿಗೂ ‘ಹ್ಯಾಂಗ’ ಅಂತ ಕೂತವರಿಗೂ ಒಂದೇ ಏಟಿಗೆ ಉತ್ತರ ಕೊಟ್ಟದ್ದು ಅದು.

2025ರ ‘ಬ್ಲಡ್‌ಲೈನ್ಸ್’, ನಿರ್ದೇಶಕರು ಜ್ಯಾಕ್ ಲಿಪೋವ್‌ಸ್ಕಿ ಮತ್ತು ಆ್ಯಡಮ್ ಸ್ಟೈನ್, ಸರಣಿಯಲ್ಲೇ ಅತಿ ಹೆಚ್ಚು ಗಳಿಸಿತು. ಕಾರಣ ಹಲವಿರಬಹುದು. ನನಗೆ ಕಾಣುವುದು, ಅಲ್ಲಿ ಸಾಯುವವರು ಒಂದೇ ಕುಟುಂಬದವರು. ಅಜ್ಜಿ ಹಿಂದೊಮ್ಮೆ ದುರಂತದಿಂದ ಪಾರಾಗಿ ಬದುಕಿದ್ದರಿಂದಲೇ ಮಕ್ಕಳು ಮೊಮ್ಮಕ್ಕಳು ಹುಟ್ಟಿದ್ದು, ಹಾಗಾಗಿ ಸಾವು ಈಗ ವಂಶವನ್ನೇ ವಸೂಲಿ ಮಾಡಲು ಬಂದಿದೆ. ಅಣ್ಣ–ತಮ್ಮ, ತಾಯಿ–ಮಗಳು ಅಂದ ಮೇಲೆ ಮರುಕ ತಾನಾಗಿ ಬರುತ್ತದೆ. ಎರಡನೆಯ ಭಾಗದ ಅಪರಿಚಿತರಿಗೆ ಸಿಗದಿದ್ದದ್ದು ಅದೇ. ಟೋನಿ ಟಾಡ್ ಸಿನಿಮಾ ಬಿಡುಗಡೆಗೆ ಮುಂಚೆ, 2024ರ ನವೆಂಬರಿನಲ್ಲಿ ತೀರಿಕೊಂಡರು. ತೆರೆಯ ಮೇಲೆ ಅವರು ಹೇಳುವ ಬೀಳ್ಕೊಡುಗೆಯ ಮಾತು ಬರೆದುಕೊಟ್ಟದ್ದಲ್ಲ, ಅವರದೇ. ಅದನ್ನು ತಿಳಿದು ನೋಡಿದವರ ಅಭಿಪ್ರಾಯವೂ ತಿಳಿಯದೆ ನೋಡಿದವರ ಅಭಿಪ್ರಾಯವೂ ಒಂದೇ ಆಗಿರಲಾರದು, ಅಭಿಪ್ರಾಯ ಸಂಗ್ರಹಿಸುವಾಗ ಇದನ್ನು ಕೇಳಿಕೊಳ್ಳಿ. ಅಂದಹಾಗೆ, ಆ ಸಿನಿಮಾದ ಕೊನೆಗೂ ದಿಮ್ಮಿಗಳೇ ಬರುತ್ತವೆ, ಈ ಸಲ ರೈಲಿನಿಂದ.

‘ನಿಜಕ್ಕೂ ಮುಂಚೆ ಗೊತ್ತಾಗ್ತದ’ ಅನ್ನುವವರು

ಇವರು ಪ್ರತಿ ಗುಂಪಿನಲ್ಲೂ ಇರುತ್ತಾರೆ, ನಗಬೇಡಿ, ಬರೆದುಕೊಳ್ಳಿ. 1966ರಲ್ಲಿ ವೇಲ್ಸಿನ ಆಬರ್‌ಫಾನ್‌ನಲ್ಲಿ ಗಣಿಯ ಕಸದ ಗುಡ್ಡ ಕುಸಿದು 144 ಜನ, ಅವರಲ್ಲಿ 116 ಮಕ್ಕಳು ಸತ್ತರು. ನಮಗೆ ಮೊದಲೇ ಕನಸು ಬಿದ್ದಿತ್ತು ಎಂದವರ ಪತ್ರಗಳನ್ನು ಜಾನ್ ಬಾರ್ಕರ್ ಎಂಬ ಮನೋವೈದ್ಯರು ಸಂಗ್ರಹಿಸಿ, ಮುಂದೆ ಲಂಡನ್ನಿನ ಪತ್ರಿಕೆಯೊಂದರ ಜೊತೆ ಸೇರಿ ಇಂಥ ಮುನ್ಸೂಚನೆಗಳನ್ನು ದಾಖಲಿಸುವ ಕಚೇರಿಯನ್ನೇ ತೆರೆದರು. ಬಂದ ಬಹುಪಾಲು ಸೂಚನೆಗಳು ನಿಜವಾಗಲಿಲ್ಲ. ಕೆಟ್ಟ ಕನಸು ದಿನಾ ಯಾರಿಗಾದರೂ ಬೀಳುತ್ತಲೇ ಇರುತ್ತದೆ, ತಾಳೆಯಾದದ್ದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಆದರೆ ಈ ನಂಬಿಕೆ ಇದ್ದವರು ಸಿನಿಮಾವನ್ನು ಆಟವಾಗಿ ನೋಡುವುದಿಲ್ಲ, ಎಚ್ಚರಿಕೆಯಾಗಿ ನೋಡುತ್ತಾರೆ. ನನ್ನ ಎರಡು ಗುಂಪಿನಲ್ಲಿ ಇವರು ಕೂರುವುದಿಲ್ಲ ಅನ್ನುವುದನ್ನೂ ಒಪ್ಪುತ್ತೇನೆ.

ಪ್ರಶ್ನಾವಳಿ ಮಾಡುವವರಿಗೆ

‘ಸಿನಿಮಾ ಹೇಗಿತ್ತು?’ ಅಂತ ಶುರು ಮಾಡಿದರೆ ‘ಛಲೋ ಇತ್ರಿ’ ಅಂತ ಉತ್ತರ ಬಂದು ಅಲ್ಲಿಗೆ ಮುಗಿಯುತ್ತದೆ. ಯಾವ ದೃಶ್ಯ ಮೊದಲು ನೆನಪಾಗುತ್ತದೆ, ಅದರಲ್ಲಿ ಸತ್ತವರ ಹೆಸರು ನೆನಪಿದೆಯೇ ಅಂತ ಕೇಳಿ. ದೃಶ್ಯ ನೆನಪಿದ್ದು ಹೆಸರು ಮರೆತವರು ಒಂದು ಕಡೆ, ಹೆಸರು ಹೇಳಿ ‘ಪಾಪ’ ಅಂದವರು ಇನ್ನೊಂದು ಕಡೆ. ಮೊದಲ ಭಾಗ ನೋಡಿದ್ದಾರೋ ಇಲ್ಲವೋ, ಪೂರ್ತಿ ನೋಡಿದ್ದೋ ತುಣುಕು ನೋಡಿದ್ದೋ, ಹಿಂದಿ ಡಬ್ಬಿಂಗೋ ಇಂಗ್ಲಿಷೋ ಅಂತಲೂ ಕೇಳಬೇಕು. ಗಾಡಿ ಓಡಿಸುತ್ತೀರಾ ಅಂತಲೂ ಒಂದು ಪ್ರಶ್ನೆ ಸೇರಿಸಿ.