ದುರಂತದ ಚಿತ್ರ, ಮಾರಾಟದ ಹಲಗೆ

ಸ್ಕೇಟ್‌ಬೋರ್ಡಿನ ಚಿತ್ರ ಇರುವುದು ಹಲಗೆಯ ಅಡಿಭಾಗದಲ್ಲಿ. ಕಾಲಿಡುವ ಮೇಲ್ಭಾಗಕ್ಕೆ ಕಾಲು ಜಾರದಂತೆ ಹಿಡಿಯುವ ಒರಟು ಗ್ರಿಪ್ ಟೇಪ್ ಅಂಟಿಸಿರುತ್ತಾರೆ. ಚಿತ್ರಕ್ಕೆ ಕಾಲು ತಾಗುವುದಿಲ್ಲವಲ್ಲ ಎಂದು ವಿನ್ಯಾಸ ಮಾಡುವವರು ಸಮಾಧಾನಪಡುವುದುಂಟು. ಆದರೆ ಅಡಿಭಾಗದ ಪಾಡು ಇನ್ನೂ ಕೆಟ್ಟದ್ದು. ಕಬ್ಬಿಣದ ಕಂಬಿಯ ಮೇಲೆ ಬೋರ್ಡನ್ನು ಅಡ್ಡ ಜಾರಿಸಿದಾಗ ಎರಡು ಟ್ರಕ್‌ಗಳ (ಚಕ್ರಗಳನ್ನು ಹಿಡಿದಿಡುವ ಲೋಹದ ಭಾಗಗಳ) ನಡುವಿನ ಸುಮಾರು 14 ಇಂಚು ಜಾಗವೇ ಮೊದಲು ಉಜ್ಜಿಹೋಗಿ, ಬಣ್ಣ ಎದ್ದು ಮರ ಕಾಣುತ್ತದೆ. ಸತ್ತವರ ಮುಖವನ್ನು ಅಲ್ಲಿ ಅಚ್ಚು ಹಾಕಿದರೆ, ಉಜ್ಜಿ ಅಳಿಸಲೆಂದೇ ಆ ಮುಖವನ್ನು ಮಾರಿದಂತೆ. ಇನ್ನು ಬೋಲ್ಟ್ ಕೂರಿಸುವ ಎಂಟು ತೂತುಗಳಿವೆ. ತೂತಿನ ಗುರುತಿಲ್ಲದ ಖಾಲಿ ಚೌಕದಲ್ಲಿ ವಿನ್ಯಾಸ ಮಾಡಿದರೆ ಡ್ರಿಲ್ ನೇರ ಕಣ್ಣಿನೊಳಗೇ ಇಳಿಯಬಹುದು.

ಬೆಚ್ಚಿಬೀಳಿಸುವ ಚಿತ್ರಗಳಿಂದ ಹೆಸರು ಮಾಡುವುದನ್ನು ಅಮೆರಿಕದ ಸ್ಕೇಟ್‌ಬೋರ್ಡ್ ಕಂಪನಿಗಳು 1990ರ ದಶಕದ ಆರಂಭದಲ್ಲೇ ಶುರು ಮಾಡಿದವು. ಅದನ್ನು ಶಿವಮೊಗ್ಗಕ್ಕೆ ತರುವವರು ಊರಿನ ಅಳತೆಯನ್ನು ನೆನಪಿಡಬೇಕು. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಹತ್ತಿರದ ಹುಣಸೋಡಿನ ಕಲ್ಲು ಕ್ರಷರ್ ಬಳಿ ಸ್ಫೋಟಕ ಸಿಡಿದು ಜನ ಸತ್ತರು. ಸದ್ದು ಪಕ್ಕದ ಜಿಲ್ಲೆಗಳಿಗೂ ಕೇಳಿತ್ತು. ಆ ಜಾಗದ ಫೋಟೊಗಳು ಇಂದಿಗೂ ಮೊಬೈಲುಗಳಲ್ಲಿವೆ. ಅಂಥದ್ದನ್ನು ಹೊತ್ತ ಬೋರ್ಡ್ ಊರಿನ ಗೋಪಿ ಸರ್ಕಲ್‌ನಲ್ಲಿ ಹಾದುಹೋದರೆ, ನೋಡುವವರಲ್ಲಿ ಅಂದು ಮನೆಯವರನ್ನು ಕಳೆದುಕೊಂಡವರೂ ಇರಬಹುದು.

ಫೋಟೊವನ್ನು ಹಾಫ್‌ಟೋನ್ ಮಾಡಿದರೆ, ಅಂದರೆ ಚುಕ್ಕೆಗಳಾಗಿ ಒಡೆದರೆ, ಗುರುತು ಹೋಗುತ್ತದೆಂಬ ನಂಬಿಕೆ ತಪ್ಪು. ಚುಕ್ಕೆ ದಪ್ಪವಾದಷ್ಟೂ ಹತ್ತಿರದಿಂದ ಮುಖ ಒಡೆದಂತೆ ಕಾಣುತ್ತದೆ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮತ್ತೆ ಕೂಡಿಕೊಳ್ಳುತ್ತದೆ. ಟ್ರೇಸ್ ಮಾಡಿದರೂ ಕೃತಿಸ್ವಾಮ್ಯ ತಪ್ಪುವುದಿಲ್ಲ. ಫೋಟೊದ ಹಕ್ಕು ಅದನ್ನು ತೆಗೆದವರ ಜೀವಿತಾವಧಿಯೂ ನಂತರದ 60 ವರ್ಷವೂ ಇರುತ್ತದೆ. ಹಕ್ಕನ್ನು ಪತ್ರಿಕೆಗೆ ಮಾರಿದ್ದರೂ ತನ್ನ ಚಿತ್ರವನ್ನು ಗೌರವಕ್ಕೆ ಕುಂದಾಗುವಂತೆ ತಿರುಚಿದರೆ ಕೇಳುವ ಅಧಿಕಾರವನ್ನು 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ ಛಾಯಾಗ್ರಾಹಕರಿಗೇ ಉಳಿಸಿದೆ. ಅಪರಾಧಕ್ಕೆ ಬಲಿಯಾದ ಮಕ್ಕಳ ಗುರುತು ತೋರಿಸುವಂತೆಯೇ ಇಲ್ಲ. ‘ಭಾವಪೂರ್ಣ ಶ್ರದ್ಧಾಂಜಲಿ’ ಫ್ಲೆಕ್ಸಿಗೆಂದು ಮನೆಯವರು ಕೊಟ್ಟ ಫೋಟೊ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಅವರು ಒಪ್ಪಿದ್ದು ಆ ಫ್ಲೆಕ್ಸಿಗೆ ಮಾತ್ರ.

ಹಾಗಾದರೆ ದುರಂತದ ಬಗ್ಗೆ ಚಿತ್ರವನ್ನೇ ಮಾಡಬಾರದೇ? ಮಾಡಬಹುದು, ಮಾಡಲೂಬೇಕು. ಹೆಣ, ಗಾಯ, ಅಳುವ ಮುಖ ಬಿಟ್ಟು ಜಾಗವನ್ನೋ ಕಾರಣವನ್ನೋ ಬರೆಯಿರಿ. ಲಿಂಗನಮಕ್ಕಿ ಹಿನ್ನೀರಿನಲ್ಲಿ 1964ರಲ್ಲಿ ಮುಳುಗಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಕಾಣುತ್ತದೆ. ಹೆಚ್ಚಾದ ನೀರು ತಾನಾಗಿ ಹೊರಹೋಗಲೆಂದು ಕಟ್ಟಿದ ಅದರ ಸೈಫನ್‌ಗಳ ಸಾಲೊಂದೇ ಮುಳುಗಡೆಯ ಕಥೆಯನ್ನು ಹೇಳಬಲ್ಲದು. ಆದರೆ ಅದನ್ನೂ ‘ನೋಡಲು ಚಂದದ ಅವಶೇಷ’ವಾಗಿ ಮಾರಬಾರದು. ಅಣೆಕಟ್ಟಿಗೆ ನೆಲ ಕಳೆದುಕೊಂಡ ಶರಾವತಿ ಸಂತ್ರಸ್ತರ ಭೂಮಿ ಹಕ್ಕಿನ ಪ್ರಶ್ನೆ ಮುಗಿದಿಲ್ಲ, ಆ ಒಂದು ಸಾಲು ಹಲಗೆಯ ಮೇಲೇ ಇರಬೇಕು.

ಒಪ್ಪಿಗೆ ಕೇಳುವಾಗ ಮೊಬೈಲಿನಲ್ಲಿ ತೋರಿಸಿದರೆ ಸಾಲದು. ಅಲ್ಲಿ ಚಿತ್ರ ಪುಟ್ಟದಾಗಿ, ಚೊಕ್ಕವಾಗಿ ಕಾಣುತ್ತದೆ. 8 ಇಂಚು ಅಗಲ, 32 ಇಂಚು ಉದ್ದದ ಪ್ರಿಂಟ್ ತೆಗೆಸಿ, ತೂತುಗಳನ್ನು ಗುರುತಿಸಿ ಒಯ್ಯಿರಿ. ಉಜ್ಜಿ ಸವೆದ ಹಳೆಯ ಬೋರ್ಡೊಂದನ್ನೂ ಜೊತೆಗಿಟ್ಟು, ‘ನಮ್ಮದೂ ಕೊನೆಗೆ ಹೀಗಾಗುತ್ತದೆ’ ಎಂದು ಬಾಯಿಬಿಟ್ಟು ಹೇಳಿ. ಒಬ್ಬರು ಒಪ್ಪಿದರೆಂದು ಮನೆಯವರೆಲ್ಲ ಒಪ್ಪಿದಂತಲ್ಲ. ವಾರ ಬಿಟ್ಟು ಮತ್ತೊಮ್ಮೆ ಕೇಳಿ. ಬೇಡವೆಂದರೆ ಕಾರಣ ಕೇಳಬೇಡಿ. ಇದೆಲ್ಲ ಚಿತ್ರವನ್ನು ಹಲಗೆಗೆ ಇಳಿಸುವ ಟ್ರಾನ್ಸ್‌ಫರ್ ಫಿಲ್ಮಿಗೆ ಆರ್ಡರ್ ಕೊಡುವ ಮೊದಲೇ ಆಗಬೇಕು, ದುಡ್ಡು ಸುರಿದ ಮೇಲೆ ‘ಇದೊಂದು ಸಲ’ ಎನ್ನುವ ಮನಸ್ಸು ಬಂದೇ ಬರುತ್ತದೆ.

‘ಲಾಭದ ಒಂದು ಪಾಲು ಸಂತ್ರಸ್ತರಿಗೆ’ ಎಂಬ ಸಾಲು ನಂಬಿಕೆ ಕೆಡಿಸುತ್ತದೆ. ಲಾಭವೆಷ್ಟು, ಪಾಲೆಷ್ಟು ಯಾರಿಗೂ ತಿಳಿಯದು. ಬೋರ್ಡಿಗೆ ಇಷ್ಟು ರೂಪಾಯಿ, ಇಂಥವರಿಗೆ, ಇಂಥ ತಿಂಗಳೊಳಗೆ ಎಂದು ಬರೆದು ಕೊಡಿ. ವರ್ಷಾಂತಿಕದ ದಿನ ನೋಡಿ ಮಾರಾಟಕ್ಕೆ ಬಿಡುವುದಂತೂ ಬೇಡವೇ ಬೇಡ.

ಅಚ್ಚು ತಪ್ಪಿದ ಹಲಗೆಗಳನ್ನು ಅಗ್ಗಕ್ಕೆ ತಳ್ಳದೆ 80 ನಂಬರ್ ಸ್ಯಾಂಡ್ ಪೇಪರಿನಿಂದ ಉಜ್ಜಿ, ಚಿತ್ರ ಪೂರ್ತಿ ತೆಗೆದ ಮೇಲಷ್ಟೇ ಹೊರಗೆ ಕೊಡಿ. ಮಿಕ್ಕ ಫಿಲ್ಮ್ ಕತ್ತರಿಸಿ ಹಾಕಿ. ಅಚ್ಚಿಗೆಂದು ಸ್ಕ್ರೀನ್ (ಜಾಲರಿ ಚೌಕಟ್ಟು) ಮಾಡಿಸಿದ್ದರೆ, ಅದರಲ್ಲಿ ಚಿತ್ರ ಮೂಡಿಸಿದ ಎಮಲ್ಷನ್ ಲೇಪವನ್ನು ತೊಳೆಸಿ, ಪ್ರೆಸ್ಸಿನವರು ಸ್ಯಾಂಪಲ್ಲೆಂದು ಗೋಡೆಗೆ ನೇತುಹಾಕದಂತೆ ಮೊದಲೇ ಹೇಳಿಡಿ.