ಮತ್ತೆ ಅದನ್ನೇ ಹೇಳಿಸಿದರೆ ಹೆದರಿಕೆ ಜಾಸ್ತಿ ಆಗೋದಿಲ್ವಾ?

ಪ್ರಶ್ನೆ: ನನ್ನ ತಂಗಿ ಉಡುಪಿಯಿಂದ ಮಂಗಳೂರಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಏಳು ತಿಂಗಳ ಹಿಂದೆ ಹೆದ್ದಾರಿಯಲ್ಲಿ ಬಸ್ಸು ಮಗುಚಿತು. ಪಕ್ಕದ ಸೀಟಿನವರು ತೀರಿಕೊಂಡರು. ಇವಳ ಕೈ ಮುರಿದಿತ್ತು, ಈಗ ಸರಿಯಾಗಿದೆ. ಆದರೆ ರಾತ್ರಿ ಬೆಚ್ಚಿ ಏಳುತ್ತಾಳೆ. ಹಾರ್ನ್ ಕೇಳಿದರೆ ಬೆವರುತ್ತಾಳೆ. ಬಸ್ಸು ಬೇಡವೆಂದು ಇಂದ್ರಾಳಿಗೆ ಹೋಗಿ ರೈಲು ಹಿಡಿಯುತ್ತಾಳೆ. ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಉಳಿದುಬಿಡುವ ಮಾನಸಿಕ ಕಾಯಿಲೆ, ಎಂದರು. ಥೆರಪಿಯಲ್ಲಿ ಆ ದಿನದ್ದನ್ನು ಪೂರ್ತಿ ಹೇಳಬೇಕಂತೆ. ‘ಮರೆಯಲಿ ಬಿಡಿ, ಕೆದಕಬೇಡಿ’ ಅಂತಾರೆ ಅಮ್ಮ. ಏನು ಮಾಡಲಿ?

ಉತ್ತರ: ಅಮ್ಮನ ಮಾತಿನಲ್ಲಿ ಅರ್ಧ ಸರಿ ಇದೆ. ಮನೆಗೆ ಬಂದ ನೆಂಟರೆಲ್ಲ ‘ಹೇಗಾಯ್ತು ಮಾರಾಯ್ತಿ, ಎಷ್ಟು ಜನ ಹೋದ್ರು?’ ಅಂತ ಕೇಳ್ತಾರಲ್ಲ, ಅದರಿಂದ ಅವಳಿಗೆ ಏನೂ ಉಪಕಾರವಿಲ್ಲ. ಅದನ್ನು ಮೊದಲು ನಿಲ್ಲಿಸಿ. ಥೆರಪಿಯಲ್ಲಿ ಹೇಳಿಸುವುದು ಬೇರೆಯೇ ಕೆಲಸ.

ತಂಗಿ ಮರೆತಿದ್ದಾಳಾ, ನೋಡಿ. ಕೆದಕದೆಯೇ ಅದು ರಾತ್ರಿ ಎಬ್ಬಿಸುತ್ತಿದೆ. ಬರುವುದು ಕೂಡ ಕಥೆಯಾಗಿ ಅಲ್ಲ, ಚೂರು ಚೂರಾಗಿ: ಒಂದು ಹಾರ್ನ್, ಡೀಸೆಲ್ ವಾಸನೆ, ಗಾಜು ಒಡೆದ ಸದ್ದು. ಆ ಹೊತ್ತಿಗೆ ಅವಳ ಮೈಗೆ ಅದು ಏಳು ತಿಂಗಳ ಹಿಂದಿನದು ಅಂತ ಗೊತ್ತಾಗುವುದಿಲ್ಲ. ಇನ್ನು ಆ ರೈಲು. ರೈಲು ಹತ್ತಿದ ಕೂಡಲೇ ಸಮಾಧಾನ ಆಗುತ್ತದೆ, ಹಾಗಾಗಿ ಮರುದಿನವೂ ರೈಲೇ. ಬಸ್ಸು ಹತ್ತಿಯೂ ಸುರಕ್ಷಿತವಾಗಿ ಇಳಿಯಬಹುದು ಅನ್ನುವುದನ್ನು ಮನಸ್ಸು ಮತ್ತೆ ಕಲಿಯುವ ಅವಕಾಶವೇ ಸಿಗುವುದಿಲ್ಲ.

ಇಂಥ ಘಟನೆಯ ನಂತರ ಒಂದೆರಡು ವಾರ ಹೀಗಾಗುವುದು ಸಹಜ. ಎಷ್ಟೋ ಜನ ತಾವಾಗಿಯೇ ಸುಧಾರಿಸುತ್ತಾರೆ. ತಿಂಗಳು ದಾಟಿಯೂ ಬಿಡದಿದ್ದರೆ ಮಾತ್ರ ಪಿಟಿಎಸ್‌ಡಿ ಅನ್ನುತ್ತಾರೆ. ಅಮೆರಿಕದ ಮನೋವೈದ್ಯರ ಪಟ್ಟಿಗೆ ಈ ಹೆಸರು ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಬಂದ ಸೈನಿಕರ ಪಾಡು ನೋಡಿದ ಮೇಲೆ. ಅದಕ್ಕೇ ಇರಬೇಕು, ಇದು ಸೈನಿಕರ ಕಾಯಿಲೆ ಅಂತ ಇನ್ನೂ ಸುಮಾರು ಜನ ತಿಳಿದಿದ್ದಾರೆ. ಅಲ್ಲ. ಅಪಘಾತ, ಹಲ್ಲೆ, ಕಷ್ಟದ ಹೆರಿಗೆ, ಯಾವುದರಿಂದಲೂ ಬರಬಹುದು.

ಥೆರಪಿಸ್ಟ್ ಹೇಳಿದ್ದು ಬಹುಶಃ ‘ಪ್ರೊಲಾಂಗ್ಡ್ ಎಕ್ಸ್‌ಪೋಶರ್’ ವಿಧಾನ. ಎಡ್ನಾ ಫೋವಾ ಎಂಬ ಮನಶ್ಶಾಸ್ತ್ರಜ್ಞೆ ರೂಪಿಸಿದ್ದು. ಸಾಮಾನ್ಯವಾಗಿ ವಾರಕ್ಕೊಂದರಂತೆ 8ರಿಂದ 15 ಸೆಷನ್. ಹೋದ ದಿನವೇ ಕಥೆ ಕೇಳುವುದಿಲ್ಲ. ಮೊದಲು ಕಾಯಿಲೆ ಏನೆಂದು ತಿಳಿಸಿ, ಉಸಿರನ್ನು ನಿಧಾನ ಮಾಡಲು ಕಲಿಸುತ್ತಾರೆ. ಆಮೇಲೆ ಅವಳು ಕಣ್ಣು ಮುಚ್ಚಿ, ಈಗ ನಡೆಯುತ್ತಿದೆ ಅನ್ನುವ ಹಾಗೆ ಆ ದಿನವನ್ನು ಹೇಳಬೇಕು. ಮುಗಿದರೆ ಮತ್ತೆ ಮೊದಲಿನಿಂದ. ಅದರ ರೆಕಾರ್ಡಿಂಗನ್ನು ಮನೆಯಲ್ಲಿ ದಿನಾ ಕೇಳಬೇಕು. ಕಷ್ಟದ ಕೆಲಸ, ಸುಳ್ಳು ಹೇಳುವುದಿಲ್ಲ. ಆದರೆ ಹೇಳುತ್ತಾ ಹೋದಂತೆ ಚೂರುಗಳು ಜೋಡಿಕೊಂಡು, ಶುರುವೂ ಕೊನೆಯೂ ಇರುವ, ಮುಗಿದುಹೋದ ಒಂದು ಘಟನೆ ಆಗುತ್ತದೆ.

ಜೊತೆಗೆ ಒಂದು ಏಣಿ ಮಾಡುತ್ತಾರೆ. ಹೆದರಿಕೆಗೆ ಸೊನ್ನೆಯಿಂದ 100ರ ತನಕ ಅಂಕ. ಸರ್ವಿಸ್ ಬಸ್ ಸ್ಟ್ಯಾಂಡಿನಲ್ಲಿ ಸುಮ್ನೆ ನಿಂತು ‘ಮಂಗ್ಳೂರ್ ಮಂಗ್ಳೂರ್’ ಕೂಗು ಕೇಳುವುದಕ್ಕೆ 40 ಅಂತಿಟ್ಟುಕೊಳ್ಳಿ. ನಿಂತ ಬಸ್ಸಿನೊಳಗೆ ಕೂರುವುದಕ್ಕೆ 55. ಸಿಟಿ ಬಸ್ಸಿನಲ್ಲಿ ಮಣಿಪಾಲಕ್ಕೆ 65. ಎಕ್ಸ್‌ಪ್ರೆಸ್ಸಿನಲ್ಲಿ ಕಾಪುವಿನವರೆಗೆ 85. ಒಂದೊಂದು ಮೆಟ್ಟಿಲಲ್ಲೂ ಅಂಕ ಇಳಿಯುವ ತನಕ ಅಲ್ಲೇ ಇರುವುದು, ಎಷ್ಟು ಸಲ ಬೇಕೋ ಅಷ್ಟು ಸಲ. ನೀವು ಜೊತೆಗೆ ಹೋಗಬೇಕಾ ಬೇಡವಾ ಅಂತ ಥೆರಪಿಸ್ಟನ್ನೇ ಕೇಳಿ. ಹೋದರೆ ‘ಎಂತ ಆಗುದಿಲ್ಲ, ಬಾ’ ಅಂತ ಎಳೆಯಬೇಡಿ. ಪಕ್ಕದಲ್ಲಿ ಕೂತರೆ ಸಾಕು.

ಒಂದು ವಿಷಯ ನೀವು ಬರೆದಿಲ್ಲ, ನನಗೆ ಅನುಮಾನ ಇದೆ: ಪಕ್ಕದವರು ಹೋಗಿ ತಾನು ಉಳಿದೆ ಅನ್ನುವ ಅಪರಾಧಿ ಭಾವ. ‘ನಾನು ಕಿಟಕಿ ಬದಿ ಕೂತಿದ್ದರೆ’ ಅನ್ನುವಂಥದ್ದು. ಅದು ಜಾಸ್ತಿ ಇದ್ದರೆ, ಆ ಯೋಚನೆಯನ್ನೇ ಹಿಡಿದು ಪರೀಕ್ಷಿಸುವ ‘ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ’ ಇದೆ, ಸುಮಾರು 12 ಸೆಷನ್. ಕಣ್ಣಾಡಿಸುತ್ತಾ ನೆನಪು ಮಾಡಿಕೊಳ್ಳುವ ಇಎಂಡಿಆರ್ ಕೂಡ ಇದೆ. ಸರ್ಟ್ರಾಲಿನ್‌ನಂಥ ಮಾತ್ರೆಗಳು ಕೆಲವರಿಗೆ ಸಹಾಯ ಮಾಡುತ್ತವೆ, ಮನೋವೈದ್ಯರು ಬರೆದುಕೊಟ್ಟರೆ. ಯಾರೋ ಹೇಳಿದರೆಂದು ನಿದ್ದೆ ಮಾತ್ರೆ ನುಂಗಿದರೆ ರಾತ್ರಿ ಕಳೆಯುತ್ತದೆ, ಕಾಯಿಲೆ ಹೋಗುವುದಿಲ್ಲ. ಅಮ್ಮ ನೂಲು ಕಟ್ಟಿಸಬೇಕು ಅಂದರೆ ಕಟ್ಟಿಸಲಿ, ನನ್ನದೇನೂ ಜಗಳವಿಲ್ಲ. ಸೆಷನ್ ತಪ್ಪಬಾರದು ಅಷ್ಟೆ.

ಖರ್ಚಿನ ಚಿಂತೆ ಇದ್ದರೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ, ಮಂಗಳೂರು ಕಡೆಯಾದರೆ ವೆನ್ಲಾಕ್. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಮಾತು ಅವಳ ಬಾಯಲ್ಲಿ ಬಂದರೆ ಮುಂದಿನ ಸೆಷನ್‌ಗೆ ಕಾಯಬೇಡಿ, ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನು ನೀವು ಕೇಳಿದ್ದಕ್ಕೆ ನೇರ ಉತ್ತರ. ಹೇಳಲು ಶುರುಮಾಡಿದ ಮೊದಲ ಒಂದೆರಡು ವಾರ ಕೆಲವರಿಗೆ ನಿಜವಾಗಿಯೂ ಹೆದರಿಕೆ ಜಾಸ್ತಿ ಆಗುತ್ತದೆ, ನಿದ್ದೆಯೂ ಕೆಡಬಹುದು. ‘ನಾನು ಆಗಲೇ ಹೇಳಿರಲಿಲ್ವಾ’ ಅಂತ ಅಮ್ಮ ಅನ್ನುವುದು ಆ ವಾರವೇ. ಆಗ ಸೆಷನ್ ಬಿಡಿಸಬೇಡಿ. ಥೆರಪಿಸ್ಟ್‌ಗೆ ಫೋನ್ ಮಾಡಿ ಹೀಗಾಗಿದೆ ಅಂತ ಹೇಳಿ. ಮುಂದಿನ ಸಲ ಅಮ್ಮನನ್ನೂ ಕರೆದುಕೊಂಡು ಹೋಗಿ.